ಕೆಂಪು ಕುದುರೆಯ ಕಾಗದ

ಸವಣೂರಿನ ಹಳೇ ಕೋಟೆಯ ಮಗ್ಗುಲ ಓಣಿಯಲ್ಲಿ ಅಖ್ತರುನ್ನೀಸಾ ಹಾಲು ಹಾಕಲು ಶುರು ಮಾಡಿ ಮೂವತ್ತು ವರ್ಷ ದಾಟಿತು. ಈ ಮೂವತ್ತು ವರ್ಷದಲ್ಲಿ ಆಕೆ ಎಷ್ಟು ಎಮ್ಮೆ ಕೊಂಡಳೋ ಎಷ್ಟು ಮಾರಿದಳೋ, ಆದರೆ ಈದ ಎಮ್ಮೆಯನ್ನು ಕರು ಬಿಟ್ಟು ಮಾರಿದ್ದು ಒಂದೂ ಇಲ್ಲ. ಗಿರಾಕಿ ಬಂದು ಎಮ್ಮೆಯಷ್ಟೇ ಸಾಕು, ಕರು ಬೇಡ ಎಂದನೋ ಮುಗಿಯಿತು. ಅವನ ಏಳು ತಲೆಮಾರನ್ನು ಅಂಗಳಕ್ಕೆ ಕರೆದು ಝಾಡಿಸುತ್ತಿದ್ದಳು. ಅವನು ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿ ಹೋಗಬೇಕು. ಮನೆಮಾತು ಉರ್ದುವಾದರೂ ಸಿಟ್ಟು ಬಂದರೆ ಆಕೆಗೆ ಕನ್ನಡವೇ ಬೇಕು. ಬೈದರೆ ಬಾಯಿ ತುಂಬಬೇಕು, ಅದು ಕನ್ನಡದಲ್ಲಿ ಮಾತ್ರ ತುಂಬುತ್ತದೆ ಎಂದು ಅವಳ ಅಂಬೋಣ.

ಗಂಡ ನಿಯಾಜ ಹಿರೇಕೆರೂರಿನ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ಟವೆಲ್ಲಿನ ಮರೆಯಲ್ಲಿ ಎದುರಿನವನ ಬೆರಳು ಹಿಡಿದು, ತುಟಿ ಎರಡು ಮಾಡದೆ ವ್ಯಾಪಾರ ಮುಗಿಸುವ ಗಟ್ಟಿಗ. ಹಲ್ಲು ನೋಡಿ ವಯಸ್ಸು ಹೇಳುವುದು, ಕೆಚ್ಚಲು ಮುಟ್ಟಿ ಹಾಲು ಹೇಳುವುದು, ಸುಳಿ ನೋಡಿ ಗುಣ ಹೇಳುವುದು, ಎಲ್ಲವನ್ನೂ ಅವಳು ಅವನಿಂದಲೇ ಕಲಿತಳು. ಕರುಳಿದ್ದವರು ದನದ ವ್ಯಾಪಾರಕ್ಕೆ ಇಳಿಯಬಾರದು ಎಂದು ಅವನು ಚೇಷ್ಟೆ ಮಾಡಿದರೆ, ಕರುಳಿಲ್ಲದವರ ಕೈಯ ಹಾಲು ಕುಡಿದ ಮಕ್ಕಳಿಗೆ ಭೇದಿ ಹತ್ತುತ್ತದೆ ಎಂದು ಇವಳು ತಿರುಗಿ ಕೊಡುತ್ತಿದ್ದಳು. ಅವನು ತೀರಿಕೊಂಡು ಎಂಟು ವರ್ಷ. ಹಿರಿಯ ಮಗಳು ತರನ್ನುಮಳನ್ನು ಹಾನಗಲ್ಲಿಗೆ ಕೊಟ್ಟಿದ್ದಾಳೆ. ಅವಳೀಗ ಎರಡನೇ ಹೆರಿಗೆಗೆ ತವರಿಗೆ ಬಂದು ಕೂತಿದ್ದಾಳೆ. ಕಿರಿಯವಳು ಉಮೈಮಾ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ.

ಅಖ್ತರುನ್ನೀಸಾಳ ಅಣ್ಣ ಇಸ್ಮಾಯಿಲಸಾಬ ಅದೇ ಓಣಿಯಲ್ಲಿ ಮೂರು ಮನೆ ಆಚೆಗಿದ್ದ. ವಯಸ್ಸು ಎಪ್ಪತ್ತರ ಹತ್ತಿರ. ಟಾಂಗಾ ಹೊಡೆಯುತ್ತಿದ್ದವನು, ಟಾಂಗಾಗಳೆಲ್ಲ ಹೋದ ಮೇಲೆ ಮಗ ರಫೀಕನಿಗೆ ಟಂಟಂ ರಿಕ್ಷಾ ಕೊಡಿಸಿದ. ಈಗ ಮೂರು ಟಂಟಂಗಳಿವೆ. ಮೂರರ ಬೆನ್ನ ಮೇಲೂ ಒಂದು ಕೆಂಪು ಕುದುರೆಯ ಚಿತ್ರ, ಅದರ ಕೆಳಗೆ ದಿಲಾವರಖಾನ ಎಂಬ ಹೆಸರು. ಈ ದಿಲಾವರಖಾನ ಇವರ ಮನೆತನದ ಮೂಲಪುರುಷ. ಅಜ್ಜ ಹೇಳುತ್ತಿದ್ದ ಕತೆ ಇಷ್ಟು: ದಿಲಾವರಖಾನ ದೊಡ್ಡ ಜಮಾದಾರ, ಯಾವುದೋ ಲಡಾಯಿಯಲ್ಲಿ ದೊರೆಯ ಜೀವ ಉಳಿಸಿದ. ಮೆಚ್ಚಿದ ದೊರೆ ಜೀನು ಸಮೇತ ಒಂದು ಕೆಂಪು ಹೆಣ್ಣುಕುದುರೆಯನ್ನು ಇನಾಮು ಕೊಟ್ಟ. ಯಾವ ದೊರೆ, ಎಲ್ಲಿಯ ಲಡಾಯಿ ಎಂದು ಕೇಳಿದರೆ ಅಜ್ಜನಿಗೆ ಕೆಮ್ಮು ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಹಾಗೆ, ಹಸಿದ ದಿನಗಳಲ್ಲೂ ಆ ಮನೆಯ ಗಂಡಸರು ನಮ್ಮದು ಕುದುರೆ ಖಾನದಾನ ಎಂದು ಮೀಸೆ ತಿರುವುತ್ತಲೇ ಬಂದರು.

ಕುದುರೆಗೆ ಸಾಕ್ಷಿಯಾಗಿ ಒಂದು ಕಾಗದವೂ ಇತ್ತು. ಬಟ್ಟೆ ಅಂಟಿಸಿದ, ಅಂಗೈ ಅಗಲದ ಮೊಹರಿನ ಹಳೇ ಕಾಗದ. ಅದರ ಬರಹ ಬಲದಿಂದ ಎಡಕ್ಕೆ ಓಡುತ್ತಿತ್ತು. ಮನೆಯವರು ಕುರಾನು ಓದಬಲ್ಲವರು, ಆದರೆ ಈ ಅಕ್ಷರ ಯಾರಿಗೂ ಹತ್ತುತ್ತಿರಲಿಲ್ಲ. ಹತ್ತದೇ ಇದ್ದದ್ದರಿಂದಲೇ ಅದಕ್ಕೆ ಮರ್ಯಾದೆ ಹೆಚ್ಚಾಯಿತು. ದೊರೆಯ ಇನಾಮಿನ ಸನದಿನ ಜೊತೆಗೆ ಯಾವುದೋ ದುವಾ ಪ್ರಾರ್ಥನೆ ಕೂಡ ಅದರಲ್ಲಿದೆ ಎಂದು ಒಬ್ಬರು ಅಂದರು, ಇನ್ನೊಬ್ಬರು ನಂಬಿದರು. ಹಾಗಾಗಿ ಮನೆಯ ಹೆಣ್ಣುಮಕ್ಕಳಿಗೆ ಹೆರಿಗೆ ನೋವು ಹತ್ತಿತೆಂದರೆ ಬೆಳ್ಳಿ ಬಟ್ಟಲಿನ ಗುಲಾಬಿ ನೀರಿನಲ್ಲಿ ಆ ಕಾಗದದ ಕೆಳಗಿನ ಮೂಲೆಯನ್ನು ಮೂರು ಸಲ ಅದ್ದಿ, ನೀರನ್ನು ಒಂದೇ ಗುಟುಕಿಗೆ ಕುಡಿಸುತ್ತಿದ್ದರು. ತಲೆಮಾರುಗಟ್ಟಲೆ ಅದ್ದಿ ಅದ್ದಿ ಆ ಮೂಲೆ ಚಹಾದ ಬಣ್ಣಕ್ಕೆ ತಿರುಗಿ ಕರಗಿ ಹೋಗಿತ್ತು. ಅಖ್ತರುನ್ನೀಸಾ ಅದನ್ನು ಮೂರು ಸಲ ಕುಡಿದವಳು. ಮೊದಲ ಸಲ ತರನ್ನುಮ ಹುಟ್ಟಿದಳು. ಎರಡನೆಯದು ಗಂಡು, ಸತ್ತೇ ಹುಟ್ಟಿತು. ನೋವಿನಲ್ಲಿ ಕೈ ನಡುಗಿ ಎರಡು ಹನಿ ಚೆಲ್ಲಿದ್ದೆ, ಅದಕ್ಕೇ ಹೀಗಾಯಿತು ಎಂದು ಆಕೆ ವರ್ಷಗಟ್ಟಲೆ ತನ್ನನ್ನೇ ಹಳಿದುಕೊಂಡಳು. ಮೂರನೇ ಸಲ ಬಟ್ಟಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತಳದ ತನಕ ನೆಕ್ಕಿದ್ದಳು. ತರನ್ನುಮಳ ಮೊದಲ ಹೆರಿಗೆಯಲ್ಲಿ ಬಟ್ಟಲು ಹಿಡಿದದ್ದೂ ಇದೇ ಕೈ.

ಈ ಸಲದ ಬಕ್ರೀದಿನ ನಂತರ ರಫೀಕನಿಗೆ ಹೊಸ ಹುಚ್ಚು ಹತ್ತಿತು. ಬಂಕಾಪುರ, ಶಿಗ್ಗಾವಿ, ಹಾನಗಲ್ಲಿನ ಬೀಗರು ನೆಂಟರನ್ನೆಲ್ಲ ಕರೆದು ಮನೆತನದ ಶಜರಾ, ಅಂದರೆ ವಂಶದ ಗಿಡ, ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚಬೇಕು. ತುದಿಯಲ್ಲಿ ದಿಲಾವರಖಾನ, ಅವನ ಮಗ ಬುಡನಖಾನ, ಅಲ್ಲಿಂದ ಕೊಂಬೆ ಕೊಂಬೆಯಾಗಿ ಇಳಿದು ಕೊನೆಗೆ ಟಂಟಂ ಮಾಲೀಕ ರಫೀಕ. ಗಂಡಸರ ಹೆಸರೇ ಗಿಡದ ತುಂಬ, ಹೆಂಗಸರು ಬೇರಿನಲ್ಲೂ ಇಲ್ಲ. ಎಲ್ಲಕ್ಕಿಂತ ಮೇಲೆ ಆ ಸನದಿನ ಚಿತ್ರ, ಪಕ್ಕದಲ್ಲಿ ಅದರ ಅರ್ಥ. ಅರ್ಥ ಹೇಳುವವರು ಯಾರು ಎಂದಾಗ ಹುಲಗೂರಿನ ಮಲ್ಲಿಕಸಾಬ ಮಾಸ್ತರರ ನೆನಪಾಯಿತು. ಉರ್ದು ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು, ಫಾರಸಿ ಬಲ್ಲವರು. ಅಖ್ತರುನ್ನೀಸಾ ಹೇಗೂ ತರನ್ನುಮಳ ಸುಖ ಹೆರಿಗೆಗೆ ಹರಕೆ ಹೊರಲು ಗುರುವಾರ ಹುಲಗೂರಿನ ದರ್ಗಾಕ್ಕೆ ಹೊರಟಿದ್ದಳು. ಜೊತೆಗೆ ಹೋಗುವ ಉಮೈಮಾಳ ಮೊಬೈಲಿನಲ್ಲಿ ರಫೀಕ ಕಾಗದದ ಫೋಟೋ ಹಿಡಿಸಿ ಕಳಿಸಿದ.

ಆಧಾರ ಕಾರ್ಡು ತೋರಿಸಿ ಪುಕ್ಕಟೆ ಬಸ್ಸಿನಲ್ಲಿ ತಾಯಿ ಮಗಳು ಹುಲಗೂರು ಸೇರಿದರು. ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಮಾಸ್ತರರ ಮನೆಗೆ ಹೋದಾಗ ಹತ್ತೂವರೆ. ಮಾಸ್ತರರು ಚಹಾ ತರಿಸಿ, ಕನ್ನಡಕ ಒರೆಸಿ, ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಓದತೊಡಗಿದರು. ಮೊದಲು ತಲೆಯಾಡಿಸಿದರು, ಆಮೇಲೆ ಆಡುತ್ತಿದ್ದ ತಲೆ ನಿಂತಿತು. ಫೋನನ್ನು ಮೊಣಕಾಲ ಮೇಲೆ ಮಗುಚಿಟ್ಟು, ಹುಡುಗಿಯನ್ನು ಸ್ವಲ್ಪ ಒಳಗೆ ಕಳಿಸುತ್ತೀರಾ ಎಂದು ಕೇಳಿದರು. ಉಮೈಮಾ ಏಳಲಿಲ್ಲ. ನಮ್ಮ ಮನೆಯ ಕಾಗದ ನಮಗೇ ಬೇಡವಾದದ್ದು ಏನಿದ್ದೀತು, ಓದಿರಿ ಎಂದು ಅಖ್ತರುನ್ನೀಸಾ ಅಂದಳು.

ಅವರು ಓದಿದರು. ಅದು ದೊರೆಯ ಸನದಲ್ಲ, ಇನಾಮೂ ಅಲ್ಲ, ದುವಾದ ಮಾತಂತೂ ಒಂದೂ ಇಲ್ಲ. ಇಬ್ಬರು ಗಂಡಸರು ಐದು ಸಾಕ್ಷಿಗಳ ಮುಂದೆ ಮಾಡಿಕೊಂಡ ಅದಲು ಬದಲಿನ ಕರಾರು. ಹಾನಗಲ್ಲಿನ ಠಾಣೇದಾರನು ದಿಲಾವರಖಾನನಿಗೆ ಒಂದು ಕೆಂಪು ಹೆಣ್ಣುಕುದುರೆ ಕೊಟ್ಟಿದ್ದಾನೆ. ಕುದುರೆಯ ಬಗ್ಗೆ ಮೂರು ಸಾಲು ತುಂಬ ಬರೆದಿದೆ: ಹಣೆಯಲ್ಲಿ ಬಿಳಿ ಚುಕ್ಕೆ, ಐದು ವರ್ಷ, ಕಚ್ಚುವ ಒದೆಯುವ ಚಟವಿಲ್ಲ, ಜೀನು ಹೊಸದು. ಅದಕ್ಕೆ ಬದಲಾಗಿ ದಿಲಾವರಖಾನ ತನ್ನ ಮನೆಯ ಬಾಂದಿಯನ್ನು, ಅಂದರೆ ಕೊಂಡು ತಂದಿಟ್ಟುಕೊಂಡ ಹೆಣ್ಣಾಳನ್ನು, ಠಾಣೇದಾರನಿಗೆ ಕೊಟ್ಟಿದ್ದಾನೆ. ವಯಸ್ಸು ಸುಮಾರು ಹದಿನೇಳು. ಬಣ್ಣ ಕಪ್ಪು. ಕೈಕಾಲು ನೆಟ್ಟಗಿವೆ, ಹಲ್ಲು ಪೂರಾ ಇವೆ, ಮೈಯಲ್ಲಿ ರೋಗವಿಲ್ಲ. ನಲವತ್ತು ದಿನದ ಹಿಂದೆ ಗಂಡು ಹೆತ್ತಿದ್ದಾಳೆ, ಹಾಲು ಸಮೃದ್ಧವಾಗಿದೆ, ಠಾಣೇದಾರನ ಎಳೆಗೂಸಿಗೆ ಕುಡಿಸಲು ಯೋಗ್ಯಳು. ಅವಳು ಹೆತ್ತ ಬುಡನ ಎಂಬ ಗಂಡುಕೂಸು ದಿಲಾವರಖಾನನಲ್ಲೇ ಉಳಿಯತಕ್ಕದ್ದು. ಮುಂದೆ ಯಾವ ಕಾಲಕ್ಕೂ ಹೆಂಗಸಿಗೆ ಕೂಸಿನ ಮೇಲೆ ಹಕ್ಕಿಲ್ಲ.

ಅಖ್ತರುನ್ನೀಸಾಳಿಗೆ ಮಾಸ್ತರರ ದನಿ ಮಸುಕಾಗಿ ನಿಯಾಜನ ದನಿ ಕೇಳಿಸಿತು. ಹಲ್ಲು ಪೂರಾ, ಸುಳಿ ಶುದ್ಧ, ಎರಡನೇ ಸೂಲು, ಹಾಲಿಗೆ ಮೋಸವಿಲ್ಲ. ಸಂತೆಯ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲದ ಸಂತೆಯ ಮಾತು. ನಿಯಾಜನಾದರೂ ಎಮ್ಮೆಗೆ ಹಾಗೆ ಹೇಳುತ್ತಿದ್ದ, ಅದೂ ಕರು ಪಕ್ಕದಲ್ಲೇ ನಿಂತಿರುತ್ತಿತ್ತು. ಇವನು ಯಾವನೋ, ತನ್ನ ಮಗನನ್ನು ಹೆತ್ತವಳ ಬಾಯಿ ಅಗಲಿಸಿ ಹಲ್ಲು ತೋರಿಸಿದ್ದಾನೆ. ಬಾಣಂತಿಯ ಮೈ ಮೇಲೆ ಕೈಯಾಡಿಸಿ ನೋಡಿದವನು ಯಾರು, ಠಾಣೇದಾರನೋ, ಆ ಐದು ಸಾಕ್ಷಿಗಳೋ. ಆಕೆ ಎದ್ದು ಹೊರಗೆ ಹೋಗಿ ಗಟಾರದ ಮೇಲೆ ಬಗ್ಗಿದಳು. ಕುಡಿದ ಚಹಾ ಅಷ್ಟೂ ಹೊರಗೆ ಬಂತು.

ಬಾಯಿ ತೊಳೆದು ಒಳಗೆ ಬಂದು ಕೂತು ಆಕೆ ಒಂದೇ ಮಾತು ಕೇಳಿದಳು, ಆ ಹೆಂಗಸಿನ ಹೆಸರೇನು ಎಂದು.

"ಹೆಸರು ಕೆಳಗ ಮೂಲ್ಯಾಗ ಬರದಾರ್ರಿ, ಬೀ," ಎಂದರು ಮಾಸ್ತರರು. "ಬಾಂದಿ ಅಂತ ಬರದು, ಮುಂದ ಅಕಿ ಹೆಸರು, ಅಕಿ ಗುರುತು. ಆದ್ರ ಆ ಮೂಲಿ ಪೂರಾ ಕರಗಿ ಹೋಗೈತಿ. ಯಾರೋ ನೀರಾಗ ಅದ್ದಿದಂಗ ಕಾಣತೈತಿ."

ಉಮೈಮಾ ತಾಯಿಯ ಮುಖ ನೋಡಿದಳು. ತಾಯಿ ಯಾರ ಮುಖವನ್ನೂ ನೋಡಲಿಲ್ಲ. ಮಾಸ್ತರರಿಗೆ ಆ ಪದ್ಧತಿ ಗೊತ್ತಿರಲಿಲ್ಲ, ಯಾರೂ ಹೇಳಲೂ ಇಲ್ಲ. ಆಗಿನ ಕಾಲದ ಇಂಥ ಕರಾರು ಎಲ್ಲ ಜಾತಿಯವರ ಪೆಟ್ಟಿಗೆಯಲ್ಲೂ ಸಿಗುತ್ತವೆ, ನಿಮ್ಮೊಬ್ಬರದೇ ಅಲ್ಲ ಎಂದು ಅವರು ಸಮಾಧಾನ ಹೇಳಿದರು. ಮನೆತನದ ಮರ್ಯಾದೆಯ ಪ್ರಶ್ನೆ, ಬೇಕಾದರೆ ರಫೀಕನಿಗೆ ಬೇರೆ ಏನಾದರೂ ಚಲೋ ಮಾತು ಬರೆದು ಕೊಡುತ್ತೇನೆ, ಓದಬಲ್ಲವರು ಈ ಸೀಮೆಯಲ್ಲಿ ನಾನೊಬ್ಬನೇ ಎಂದೂ ತಗ್ಗಿದ ದನಿಯಲ್ಲಿ ಅಂದರು. ಒಳ್ಳೆಯವರೇ ಪಾಪ. ಅವರ ಒಳ್ಳೆಯತನ ಕೂಡ ಅಖ್ತರುನ್ನೀಸಾಳಿಗೆ ಆ ಹೊತ್ತಿಗೆ ಅಸಹ್ಯ ಅನ್ನಿಸಿತು. ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಬರೆದು ಕೊಡಿರಿ ಎಂದು ಹಟ ಹಿಡಿದು ಬರೆಸಿಕೊಂಡಳು.

ತಿರುಗಿ ಬರುವಾಗ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಉಗುಳಿದಳು. ಉಗುಳಿದರೆ ಹೋಗುವಂಥದ್ದೇ ಅದು? ಮೂರು ಸಲ ಕುಡಿದದ್ದು ಹೊಟ್ಟೆಯಲ್ಲಿ ಹಾಗೇ ಇದೆ ಎನ್ನಿಸುತ್ತಿತ್ತು. ಬಟ್ಟಲು ನೆಕ್ಕಿದ ನಾಲಗೆಯನ್ನು ಕಿತ್ತೊಗೆಯುವ ಮನಸ್ಸಾಯಿತು. ಹೆಣ್ಣೊಬ್ಬಳನ್ನು ಕೂಸಿನಿಂದ ಕಿತ್ತ ಕಾಗದವನ್ನು ತೊಳೆದು, ಕೂಸು ಹೆರುವವರಿಗೆ ಕುಡಿಸುತ್ತಾ ಬಂದ ಇಂಥ ಹೊಲಸು ಖಾನದಾನ ಬೇರೆಲ್ಲಾದರೂ ಇದ್ದೀತೇ. ದಿಲಾವರಖಾನನ ಮೇಲೆ ಎಷ್ಟು ಹೇಸಿಕೆಯಾಯಿತೋ ಅದಕ್ಕಿಂತ ಒಂದು ಹಿಡಿ ಹೆಚ್ಚು ತನ್ನ ಮೇಲೇ ಆಯಿತು. ಅವನು ಮಾರಿದ, ಕುಡಿದವಳು ನಾನು.

ಬಹಳ ಹೊತ್ತಿನ ಮೇಲೆ ಉಮೈಮಾ ಕೇಳಿದಳು, "ಅಮ್ಮಾ, ಅಕಿ ಹಾಲು ಠಾಣೇದಾರನ ಕೂಸು ಕುಡೀತು. ಬುಡನಖಾನಗ ಏನು ಕುಡಿಸಿದ್ರು?"

"ಎಮ್ಮಿ ಹಾಲು ಕುಡಿಸಿರಬೇಕು," ಎಂದಳು ಅಖ್ತರುನ್ನೀಸಾ. ಸವಣೂರಿನಲ್ಲಿ ಇಳಿದವರು ನೇರ ಅಣ್ಣನ ಮನೆಗೆ ನಡೆದರು.

ಇಸ್ಮಾಯಿಲಸಾಬನ ಮನೆಯಲ್ಲಿ ಊಟ ನಡೆದಿತ್ತು. ದಸ್ತರಖಾನಿನ ಮೇಲೆ ಪಾಯಾ ಇಟ್ಟುಕೊಂಡು ಅಪ್ಪ ಮಗ ಎದುರು ಬದುರು ಕೂತಿದ್ದರು. ಅರ್ಥ ಸಿಕ್ಕಿತೇ ಎಂದು ರಫೀಕ ಉತ್ಸಾಹದಿಂದ ಕೇಳಿದ. ಅಖ್ತರುನ್ನೀಸಾ ಮಗಳಿಗೆ ಓದು ಎಂದಳು. ಉಮೈಮಾ ನಿಂತುಕೊಂಡೇ ಓದಿದಳು, ಕುದುರೆಯ ಮೂರು ಸಾಲು, ಹೆಂಗಸಿನ ಹಲ್ಲು, ಹಾಲು, ನಲವತ್ತು ದಿನ, ಎಲ್ಲವನ್ನೂ. ಇಸ್ಮಾಯಿಲಸಾಬನ ಕೈಯ ತುತ್ತು ಅರ್ಧಕ್ಕೇ ನಿಂತಿತು. ರಫೀಕ ಮಾತ್ರ ಕೇಳುತ್ತಲೇ ಎಲುಬು ಹಿಡಿದು ಮಜ್ಜೆ ಹೀರುತ್ತಿದ್ದ. ಓದಿ ಮುಗಿದ ಮೇಲೂ ಹೀರುವ ಸದ್ದು ಮುಗಿದಿರಲಿಲ್ಲ. ಆಮೇಲೆ ಬೆರಳು ಚೀಪಿ ಅವನು ಅಂದದ್ದು ಇಷ್ಟು:

"ಆದ್ರ ಕುದುರಿ ಅಂತೂ ಖರೇ ಆತಲ್ಲ, ಫುಫು?"

ಅಖ್ತರುನ್ನೀಸಾಳಿಗೆ ಈ ಸೋದರಳಿಯನನ್ನು ತಾನೇ ಎತ್ತಿ ಆಡಿಸಿದ್ದು ನೆನಪಾಯಿತು. ಆಗ ಅವನ ಮೂಗು ಒರೆಸಿದ ಸೆರಗಿನ ಮೇಲೂ ಈಗ ಹೇಸಿಕೆ ಬಂತು. ಅವನು ನಿಲ್ಲಲಿಲ್ಲ. ಜೀನು ಸಮೇತ ಕುದುರೆ ಎಂದು ಅಜ್ಜ ಹೇಳಿದ್ದು ಸುಳ್ಳಲ್ಲ, ಮೊಹರು ಸುಳ್ಳಲ್ಲ, ಠಾಣೇದಾರನಂಥವನ ಜೊತೆ ಸರೀಕನಾಗಿ ಕರಾರು ಮಾಡಿದವನೆಂದರೆ ದಿಲಾವರಖಾನ ಸಣ್ಣ ಆಸಾಮಿಯಲ್ಲ ಎಂದು ಲಾಯರನ ಹಾಗೆ ಬಿಡಿಸಿ ಹೇಳಿದ. ಅಚ್ಚಿಗೆ ಕೊಟ್ಟಾಗಿದೆ, ಅರ್ಥದ ಜಾಗದಲ್ಲಿ ಕುದುರೆಯ ಮೂರು ಸಾಲು ಮಾತ್ರ ಹಾಕಿಸಿದರೆ ಆಯಿತು ಎಂದ. ಸಗಣಿಯಲ್ಲಿ ಬಿದ್ದ ಬೆಲ್ಲವನ್ನು ತೊಳೆದು ತಿನ್ನುವ ಜಾತಿ ಇವನದು ಎಂದು ಆಕೆಗೆ ಅನ್ನಿಸಿತು.

ಅವನು ಹೋಗಲಿ, ಹುಡುಗ ಬುದ್ಧಿ. ಆಕೆ ಅಣ್ಣನ ಮುಖ ನೋಡಿದಳು. ಇಸ್ಮಾಯಿಲಸಾಬ ಕೈ ತೊಳೆದು, ಗಡ್ಡ ಒರೆಸಿಕೊಂಡು, ಆ ಕಾಲ ಹಾಗಿತ್ತು, ಬಾಂದಿ ಅಂದರೆ ಬಾಂದಿ, ಅದಕ್ಕೂ ನಮಗೂ ಏನು ಸಂಬಂಧ ಎಂದ. ಏನು ಸಂಬಂಧವೇ? ಬುಡನಖಾನನನ್ನು ಹೆತ್ತವಳು ಯಾರು, ಕುದುರೆಯೇ ಎಂದು ಆಕೆ ಕೇಳಿದಳು. ಓಣಿಯಲ್ಲಿ ಬಾಯಿ ಬಿಡಬೇಡ ಎಂದಷ್ಟೇ ಅಣ್ಣ ಹೇಳಿದ. ತರನ್ನುಮಳ ಹೆರಿಗೆಗೆ ಈ ನೀರು ನನ್ನ ಹೊಸ್ತಿಲು ದಾಟಕೂಡದು ಎಂದು ಆಕೆ ಹೇಳಿದಾಗ ಮಾತ್ರ ಅವನಿಗೆ ನಿಜವಾದ ಸಿಟ್ಟು ಬಂತು. ಏಳು ತಲೆಮಾರಿನ ನಂಬಿಕೆ, ಒಬ್ಬ ಮಾಸ್ತರನ ಮಾತಿಗೆ ಬಿಡಲಾಗುವುದಿಲ್ಲ. ಕಾಗದದಲ್ಲಿ ಏನಾದರೂ ಇರಲಿ, ನೀರಿನ ಗುಣ ಬೇರೆ.

"ನಾಳಿ ಹುಡುಗಿಗೆ ಏನರ ಹೆಚ್ಚುಕಡಿಮಿ ಆದ್ರ ಅದು ನಿನ್ನ ತಲಿ ಮ್ಯಾಲ," ಎಂದ. "ಆಮ್ಯಾಲ ನನ್ನ ಮುಂದ ಅಳಬ್ಯಾಡ."

ಇದು ಸರಿಯಾದ ಜಾಗಕ್ಕೇ ತಗುಲಿತು. ಹನಿ ಚೆಲ್ಲಿದ್ದಕ್ಕೆ ಕೂಸು ಸತ್ತಿತೆಂದು ಇಪ್ಪತ್ತೈದು ವರ್ಷ ನಂಬಿದವಳು ಆಕೆ. ಮನೆಗೆ ಬಂದು ಎಮ್ಮೆಗಳಿಗೆ ಹಿಂಡಿ ಕಲಸಿದಳು. ಆ ನೀರನ್ನು ನೆನೆದರೆ ಹೇಸಿಕೆ, ಆ ನೀರಿಲ್ಲದ ಹೆರಿಗೆಯನ್ನು ನೆನೆದರೆ ಅಂಜಿಕೆ. ಹೆದರಿಸಿ ಹೊಲಸು ಕುಡಿಸುವುದೂ ಒಂದು ಪದ್ಧತಿಯೇ ಎಂದು ಎಮ್ಮೆಯ ಮುಂದೆಯೇ ಬೈದಳು. ಉಮೈಮಾ ಅಕ್ಕನಿಗೆ ಎಲ್ಲ ಹೇಳಿದಳು. ತರನ್ನುಮ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೇಳಿದಳು. ಅವಳೂ ಅದನ್ನು ಒಮ್ಮೆ ಕುಡಿದವಳೇ.

ಹತ್ತು ದಿನ ಕಳೆಯಿತು. ಅಣ್ಣ ತಂಗಿ ಮಾತು ಬಿಟ್ಟಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಅಖ್ತರುನ್ನೀಸಾ ಎರಡು ಎಮ್ಮೆ ಹಿಂಡಿ ಮೂರನೆಯದಕ್ಕೆ ಕರು ಬಿಡಬೇಕೆನ್ನುವಾಗ ತರನ್ನುಮಳಿಗೆ ನೋವು ಹತ್ತಿತು. ಆಕೆ ಕರುವನ್ನು ಕಟ್ಟಿದಲ್ಲೇ ಬಿಟ್ಟು ಒಳಗೆ ಓಡಿದಳು. ಸರಕಾರಿ ದವಾಖಾನೆಗೆ ಹೋಗಲು ವಾಹನ ಬೇಕು, ಓಣಿಯಲ್ಲಿ ಆ ಹೊತ್ತಿಗೆ ಸಿಕ್ಕಿದ್ದು ರಫೀಕನ ಟಂಟಂ ಒಂದೇ. ಅವನು ಪಾಪ, ಕರೆದ ಕೂಡಲೇ ತಂದು ಬಾಗಿಲಿಗೆ ಹಚ್ಚಿದ. ಉಮೈಮಾ ಬಟ್ಟೆಯ ಚೀಲ ಇಟ್ಟಳು. ತರನ್ನುಮಳನ್ನು ಹಿಡಿದು ಅಂಗಳಕ್ಕೆ ತರುವಾಗ ಎದುರಿಗೆ ಇಸ್ಮಾಯಿಲಸಾಬ ಬಂದು ನಿಂತ. ತಲೆಗೆ ಟೋಪಿ, ಕೈಯಲ್ಲಿ ಬೆಳ್ಳಿ ಬಟ್ಟಲು. ಬಟ್ಟಲ ಮೇಲೆ ಹಸಿರು ಬಟ್ಟೆ ಮುಚ್ಚಿತ್ತು.

ತಂಗಿಯ ಕಡೆ ನೋಡದೆ ಅವನು ನೇರ ಹುಡುಗಿಯ ಹತ್ತಿರ ಹೋದ. ಬಿಸ್ಮಿಲ್ಲಾ ಹೇಳಿ ಕುಡಿ ಮಗಳೇ, ಕೆಟ್ಟ ಮಾತು ಕಿವಿಗೆ ಹಾಕಿಕೊಳ್ಳಬೇಡ ಎಂದ. ಆಗಷ್ಟೇ ಒಂದು ನೋವು ಬಂದು ಹೋಗಿತ್ತು, ತರನ್ನುಮಳ ಹಣೆಯೆಲ್ಲ ಬೆವರು. ಅವಳು ತಾಯಿಯನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಎಲ್ಲ ಗೊತ್ತಿದ್ದೂ ಅವಳ ಕೈ ಮುಂದಕ್ಕೆ ಹೋಯಿತು.

"ಕುಡದು ಬಿಡ್ತೇನಿ ಅಮ್ಮಾ," ಎಂದಳು. "ನನಗ ಅಂಜಿಕಿ ಆಗಾಕತ್ತೈತಿ."

ಅಖ್ತರುನ್ನೀಸಾ ನಡುವೆ ಬಂದು ಬಟ್ಟಲನ್ನು ತೆಗೆದುಕೊಂಡಳು. ಅಣ್ಣ ಬಿಡಲಿಲ್ಲ, ಎಳೆದ. ಎಳೆದಾಟದಲ್ಲಿ ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು. ಒಂದು ಗಳಿಗೆ ಸತ್ತ ಕೂಸಿನ ನೀಲಿ ಮುಖ ಕಣ್ಣ ಮುಂದೆ ಬಂತು. ನಾನು ಹನಿ ಚೆಲ್ಲಿದ್ದಕ್ಕೆ ಅದು ಸಾಯಲಿಲ್ಲ ಎಂದು ಆಕೆ ತನಗೆ ತಾನೇ ಮೊದಲ ಸಲ ಹೇಳಿಕೊಂಡಳು. ಆಮೇಲೆ ಎಳೆಯುವುದನ್ನು ಬಿಟ್ಟು, ಬಟ್ಟಲನ್ನು ಅಣ್ಣನ ಕೈಯಲ್ಲೇ ಉಳಿಸಿ, ಮೇಲಿನ ಹಸಿರು ಬಟ್ಟೆಯನ್ನಷ್ಟೇ ತೆಗೆದಳು. ಗುಲಾಬಿ ನೀರು ತೆಳು ಚಹಾದಂತಿತ್ತು, ತಳದಲ್ಲಿ ಕಾಗದದ ಒಂದು ಎಳೆ ಕೂತಿತ್ತು.

"ಭಾಯಿ, ನೀ ಕುಡಿ," ಎಂದಳು. ಈ ಸಲ ದನಿ ಏರಿರಲಿಲ್ಲ. "ಹೊಲಸಲ್ಲ ಅಂತೀದಿ, ಸಂಬಂಧ ಇಲ್ಲ ಅಂತೀದಿ. ಅಕಿ ಹೆಸರು ಈ ನೀರಾಗ ಐತಿ. ನಾ ಮೂರು ಸಲ ಕುಡದೇನಿ, ನನ್ನ ಮಗಳು ಒಂದು ಸಲ ಕುಡದಾಳ. ನಮ್ಮ ಅವ್ವ, ಅಕಿ ಅತ್ತಿ, ಎಲ್ಲಾರೂ ಕುಡದಾರ. ಗಂಡಸ್ರು ಒಬ್ರೂ ಕುಡದಿಲ್ಲ. ನೀ ಒಂದು ಗುಟುಕು ಕುಡಿ. ಆಮ್ಯಾಲ ತರನ್ನುಮಗ ಕೊಡು, ನಾ ಬ್ಯಾಡ ಅನ್ನಂಗಿಲ್ಲ."

ರಫೀಕ ಟಂಟಂ ಚಾಲು ಮಾಡಿ ಕೂತಿದ್ದವನು ತಿರುಗಿ ನೋಡಿದ. ಇಸ್ಮಾಯಿಲಸಾಬ ಇಷ್ಟೇ ತಾನೇ ಎನ್ನುವ ಹಾಗೆ ಬಟ್ಟಲನ್ನು ಬಾಯಿಯ ಹತ್ತಿರ ಒಯ್ದ. ತುಟಿಗೆ ಎರಡು ಬೆರಳು ದೂರದಲ್ಲಿ ಕೈ ನಿಂತಿತು. ಗುಲಾಬಿಯ ವಾಸನೆಯ ಕೆಳಗಿನಿಂದ ಹಳೇ ಕಾಗದದ ಮುಗ್ಗು ವಾಸನೆ ಬಂದಿರಬೇಕು. ಅವನ ಮೂಗಿನ ಹೊಳ್ಳೆ ಅರಳಿತು. ಮತ್ತೊಮ್ಮೆ ಬಟ್ಟಲು ಎತ್ತಿದ. ತುಟಿ ತೆರೆಯಲಿಲ್ಲ. ಎಪ್ಪತ್ತು ವರ್ಷದ ಆ ಮುಖ, ಕಹಿ ಔಷಧ ಕಂಡ ಮಗುವಿನ ಮುಖದಂತೆ, ತಾನಾಗಿಯೇ ಪಕ್ಕಕ್ಕೆ ತಿರುಗಿಕೊಂಡಿತು.

ತರನ್ನುಮ ಅದನ್ನು ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ನಡಿ ಅಮ್ಮಾ ಎಂದಳು. ಅವಳನ್ನು ಹತ್ತಿಸಿ ಕೂರಿಸಿ ತಾಯಿ ತಂಗಿ ಎರಡೂ ಪಕ್ಕ ಕೂತರು. ಟಂಟಂ ಹೊರಟಾಗ ಬೆನ್ನ ಮೇಲಿನ ಕೆಂಪು ಕುದುರೆ ಇಸ್ಮಾಯಿಲಸಾಬನ ಕಡೆಗೇ ಮುಖ ಮಾಡಿತ್ತು. ಆ ಕುದುರೆಯನ್ನು ಹತ್ತದೆ ಗತಿಯಿಲ್ಲವಲ್ಲ ಎಂದು ಅಖ್ತರುನ್ನೀಸಾ ಹಲ್ಲು ಕಚ್ಚಿಕೊಂಡಳು.

ಹನ್ನೊಂದು ಗಂಟೆಗೆ ಹೆರಿಗೆಯಾಯಿತು. ಹೆಣ್ಣು. ತಾಯಿ ಕೂಸು ಇಬ್ಬರೂ ನೆಟ್ಟಗಿದ್ದರು. ಕೂಸಿನ ಬಾಯಿಗೆ ಮೊಲೆ ಸಿಕ್ಕಿದ್ದನ್ನು ಕಣ್ಣಾರೆ ನೋಡಿ, ಉಮೈಮಾಳನ್ನು ಅಲ್ಲಿ ಬಿಟ್ಟು, ಅಖ್ತರುನ್ನೀಸಾ ನಡೆದುಕೊಂಡೇ ಮನೆಗೆ ಬಂದಳು. ಹಿಂಡದೆ ಬಿಟ್ಟ ಎಮ್ಮೆಯ ನೆನಪು ಆಕೆಗೆ ದವಾಖಾನೆಯಲ್ಲೂ ಬಿಟ್ಟಿರಲಿಲ್ಲ. ಓಣಿಯ ತಿರುವಿಗೇ ಅದರ ಕೂಗು ಕೇಳಿಸಿತು, ಕಟ್ಟಿದ ಕರುವೂ ಕೂಗುತ್ತಿತ್ತು.

ದನದ ಕೊಟ್ಟಿಗೆಯ ಕಟ್ಟೆಯ ಮೇಲೆ ಇಸ್ಮಾಯಿಲಸಾಬ ಕೂತಿದ್ದ. ಬೆಳಿಗ್ಗೆ ನಿಂತವನು ಮನೆಗೆ ಹೋಗಿಯೇ ಇರಲಿಲ್ಲ. ತೊಡೆಯ ಮೇಲೆ ಬಟ್ಟಲು ಹಾಗೇ ಇತ್ತು, ನೀರೂ ಹಾಗೇ ಇತ್ತು. ಕುಡಿಯಲಾಗಲಿಲ್ಲ, ಚೆಲ್ಲಲೂ ಕೈ ಬಂದಿರಲಿಲ್ಲ. ಹೆಣ್ಣುಕೂಸು, ಇಬ್ಬರೂ ಆರಾಮ ಎಂದು ಆಕೆ ಹೇಳಿದಳು. ಅವನು ತಲೆಯಾಡಿಸಿದ. ಆಕೆ ಕೊಟ್ಟಿಗೆಯೊಳಗೆ ಕಾಲಿಡುವಾಗ ಹಿಂದಿನಿಂದ ಕೇಳಿದ.

"ಅಖ್ತರ, ಮಾಸ್ತರ್ರು ಬರೋಬ್ಬರಿ ನೋಡಿದ್ರೇನು? ಅಕಿ ಹೆಸರು ಒಂದಕ್ಷರನೂ ಉಳದಿಲ್ಲೇನು?"

"ಇಲ್ಲ," ಎಂದಳು ಅಖ್ತರುನ್ನೀಸಾ. "ಎಲ್ಲಾ ಕುಡದೀವಿ."

ಆಕೆ ಕರುವಿನ ಹಗ್ಗ ಬಿಚ್ಚಿದಳು. ಅದು ಓಡಿ ಹೋಗಿ ಎಮ್ಮೆಯ ಕೆಚ್ಚಲಿಗೆ ಬಾಯಿ ಹಾಕಿತು. ಆ ಹೊತ್ತು ಆಕೆ ಹಿಂಡಲಿಲ್ಲ, ಅದಕ್ಕೆ ಸಾಕಾಗುವ ತನಕ ಕುಡಿಯಲು ಬಿಟ್ಟಳು.